ಕೆಲಸದ ಕೋಣೆಯ ಧೂಳು

ಸೆಪ್ಟೆಂಬರ್ ೨, ಸೋಮವಾರ

ತಮ್ಮ ತೀರಿಕೊಂಡ ಮೇಲೆ ಇವತ್ತೇ ಪೆನ್ನು ಹಿಡಿದದ್ದು. ಬರೆಯುವಂಥದ್ದು ಏನೂ ಇಲ್ಲ. ಲಾಂಡ್ರಿಗೆ ಹೋದೆ, ಬಂದೆ. ಯಾವುದೋ ಹೋಟೆಲಿನ ಚಾದರಗಳು ಗುಡ್ಡದ ಹಾಗೆ ಬಿದ್ದಿದ್ದವು. ಇಸ್ತ್ರಿ ಮಾಡುತ್ತ ನಿಂತರೆ ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ಈಗ ನನಗೆ ಬೇಕಾದದ್ದೂ ಅದೇ.

ಸಂಜೆ ಅವನ ಕೆಲಸದ ಕೋಣೆಯಲ್ಲಿ ಕುಳಿತೆ. ಹಿತ್ತಿಲ ಕಡೆಯ ಈ ಕೋಣೆಯಲ್ಲೇ ಅವನು ಇಷ್ಟು ವರ್ಷ ಮರಗೆಲಸ ಮಾಡಿದ್ದು. ಇಲ್ಲೇ ಒಂದು ಕುರ್ಚಿಯ ಕಾಲಿಗೆ ಉಜ್ಜುಗೊರಡು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತ. "ಸ್ವಲ್ಪ ನೀರು ಕೊಡಕ್ಕ" ಅಂದ. ನೀರು ತಂದೆ. ಕುಡಿಯಲು ಅವನಿರಲಿಲ್ಲ.

ಮೇಜಿನ ಮೇಲಿನ ಧೂಳಿನಲ್ಲಿ ಅವನು ಮೊಣಕೈ ಊರಿದ ಗುರುತು ಹಾಗೇ ಇದೆ. ಪಕ್ಕದಲ್ಲಿ ಕುಳಿತೆ. ಮುಟ್ಟಲಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಮೊಳೆ ವಿಜ್ಞಾನದ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ಮೊಳೆ ಎಂದರೆ ತಮ್ಮನ ಮಗಳು, ಒಂಬತ್ತನೇ ತರಗತಿ. ಮೈ ಕಡ್ಡಿ, ಮಾತು ಚೂಪು ಎಂದು ಅವಳಪ್ಪನೇ ಇಟ್ಟ ಹೆಸರು. ಈಗ ಶಾಲೆಯಲ್ಲೂ ಅದೇ ಹೆಸರಂತೆ. ತಿಂಗಳು ಕಳೆದ ಕೂಡಲೇ ಪರೀಕ್ಷೆ, ಯಾರಾದರೂ ಪಾಠ ಒಪ್ಪಿಸಿಕೊಳ್ಳಬೇಕು. ಮೊದಲೆಲ್ಲ ಅವನು ಮರ ಉಜ್ಜುತ್ತಲೇ ಒಪ್ಪಿಸಿಕೊಳ್ಳುತ್ತಿದ್ದ. ಪುಸ್ತಕದ ಕಡೆ ನೋಡುತ್ತಲೂ ಇರಲಿಲ್ಲ. ಅವಳು ತಡವರಿಸಿದ ಕಡೆ "ಮುಂದೆ" ಎನ್ನುತ್ತಿದ್ದ, ಅಷ್ಟೇ ಅವನ ಮೇಷ್ಟ್ರುಗಿರಿ.

ನಾನು ಓದಿದ್ದು ಏಳನೇ ತರಗತಿ. ನನಗೇನು ತಿಳಿಯುತ್ತದೆ, ನಿಮ್ಮಮ್ಮನನ್ನು ಕೇಳು ಅಂದೆ.

"ಅಮ್ಮ ಪುಸ್ತಕ ಬಿಚ್ಚಿದ್ರೆ ತೂಕಡಿಸ್ತಾಳೆ ಅತ್ತೆ. ನೀನು ಸುಮ್ನೆ ಅಕ್ಷರ ನೋಡ್ತಾ ಕೂತ್ಕೋ. ನಾನು ತಪ್ಪಿದ್ರೆ ಕೆಮ್ಮು."

ಮನೆಯಲ್ಲಿ ಕೆಮ್ಮುವವಳು ಅವಳೊಬ್ಬಳೇ. ಚಿಕ್ಕಂದಿನಿಂದ ಉಬ್ಬಸ. ಪಾಠ ಒಪ್ಪಿಸುವಾಗಲೂ ನಡುನಡುವೆ ನಿಲ್ಲಿಸಿ ಕೆಮ್ಮಿದಳು. ಅದು ತಪ್ಪೋ ಸರಿಯೋ ಎಂದು ಇಬ್ಬರಿಗೂ ಗೊಂದಲವಾಯಿತು.

ಪಾಠದ ಹೆಸರು 'ಜೀವಕೋಶ'. ಆನೆಯಾಗಲಿ ಇರುವೆಯಾಗಲಿ ಹುಲ್ಲಾಗಲಿ, ಎಲ್ಲವೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಗಳಿಂದ ಆಗಿವೆಯಂತೆ. ಪ್ರತಿ ಕೋಶಕ್ಕೂ ಒಂದು ತೆಳು ಪೊರೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂದು ಅದು ನೋಡಿಕೊಳ್ಳುತ್ತದೆ. ನಮ್ಮ ಲಾಂಡ್ರಿಯ ಕೌಂಟರಿನ ಹಾಗೆ ಎಂದುಕೊಂಡೆ. ನಡುವೆ ಕೋಶಕೇಂದ್ರ, ಅಲ್ಲಿಂದಲೇ ಎಲ್ಲ ಆಡಳಿತ. ಗಿಡಮರಗಳ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಬೇರೆ.

ಅವನು ಇದನ್ನೆಲ್ಲ ಎಷ್ಟು ಸಲ ಕೇಳಿದ್ದನೋ. ನನಗೆ ಒಂದು ದಿನವೂ ಹೇಳಲಿಲ್ಲ.

ಸೆಪ್ಟೆಂಬರ್ ೭, ಶನಿವಾರ

ಇವತ್ತು ಮೊಳೆ ಒಪ್ಪಿಸುತ್ತ ಒಪ್ಪಿಸುತ್ತ ಪುಟದ ಅಂಚಿನಲ್ಲಿದ್ದ ಬಣ್ಣದ ಚೌಕಕ್ಕೆ ಬಂದಳು. ಅದು ಪರೀಕ್ಷೆಗೆ ಬರುವುದಿಲ್ಲವಂತೆ, ಆದರೂ ಓದಿದಳು. ನಮ್ಮ ಚರ್ಮದ ಹೊರಪದರದ ಕೋಶಗಳು ಪ್ರತಿದಿನ ಉದುರುತ್ತಲೇ ಇರುತ್ತವೆ, ಮನೆಯ ಧೂಳಿನಲ್ಲಿ ಅವೂ ಸೇರಿರುತ್ತವೆ. ಇಷ್ಟು ಓದಿ ಮುಂದಕ್ಕೆ ಹೋದಳು. ನಾನು ನಿಲ್ಲು ಅಂದೆ. ತಪ್ಪು ಹೇಳಿದೆನೋ ಎಂದು ಮುಖ ನೋಡಿದಳು. ಇನ್ನೊಂದು ಸಲ ಓದಿಸಿದೆ.

ಅವನದು ಅಂತ ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಅಂಗಿಗಳನ್ನೆಲ್ಲ ನಾನೇ ಒಗೆದುಬಿಟ್ಟಿದ್ದೆ. ಕೈಯ ಚಾಳಿ, ಕೊಳೆ ಬಟ್ಟೆ ಕಂಡರೆ ಸುಮ್ಮನಿರುವುದಿಲ್ಲ. ಒಗೆದು ಒಣಗಿಸಿ ಮಡಚಿ ಇಟ್ಟ ಮೇಲೆ ಮೂಸಿ ನೋಡಿದರೆ ಬರೀ ಸೋಪಿನ ವಾಸನೆ. ಆ ದಿನ ಎಷ್ಟು ಅತ್ತೆನೋ.

ಪಾಠ ಮುಗಿದ ಮೇಲೆ ಕೆಲಸದ ಕೋಣೆಗೆ ಹೋದೆ. ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು.

ಹಾಗಾದರೆ ಅವನು ಇಲ್ಲಿದ್ದಾನೆ.

ಸೆಪ್ಟೆಂಬರ್ ೮, ಭಾನುವಾರ

ನಾದಿನಿ ಬೆಳಿಗ್ಗೆಯೇ ಸೀರೆ ಎತ್ತಿ ಕಟ್ಟಿ, ಪೊರಕೆ ಬಕೆಟ್ಟು ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಹೆಂಡತಿ ಅವಳು. ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರ ಒಂದೇ ರಜೆ. ಮೊಳೆಯ ಕೆಮ್ಮು ಹೆಚ್ಚಾಗಿದೆ, ಮರದ ಹೊಟ್ಟು ಧೂಳು ಎಲ್ಲ ಬಾಗಿಲ ಸಂದಿಯಿಂದ ಅವಳು ಮಲಗುವ ಕಡೆಗೇ ಬರುತ್ತದೆ, ಇವತ್ತು ಖಾಲಿ ಮಾಡಿಬಿಡೋಣ ಎಂದಳು.

ನಾನು ಹೋಗಿ ಅಡ್ಡ ನಿಂತೆ. ಇನ್ನೂ ಸ್ವಲ್ಪ ದಿನ ಹೋಗಲಿ ಅಂದೆ.

"ಸ್ವಲ್ಪ ದಿನ ಆದ್ರೆ ಧೂಳು ತಾನೇ ಎದ್ದು ಹೋಗುತ್ತಾ ಅತ್ತಿಗೆ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಊರೋರ ಕೊಳೆ ಎಲ್ಲ ತೆಗೀತೀರಿ. ಸ್ವಂತ ಮನೇಲಿ ಒಂದು ಕೋಣೆ ಗುಡಿಸೋಕೆ ಬಿಡಲ್ಲ ಅಂದ್ರೆ ಏನು ಹೇಳೋದು ನಾನು?"

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಆ ಪೊರಕೆಯನ್ನು ಒಳಗೆ ಬಿಡಲು ಮನಸ್ಸು ಒಪ್ಪಲಿಲ್ಲ.  ಯಾಕೆ ಎಂದು ಹೇಳಿದರೆ ಅತ್ತಿಗೆಗೆ ತಲೆ ಕೆಟ್ಟಿದೆ ಎನ್ನುತ್ತಾಳೆ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಧ್ಯಾಹ್ನ ಮೂವರೂ ಊಟ ಮಾಡಿದೆವು. ಕೂತಾಗ ಬೀಗದ ಕೈ ಸೊಂಟಕ್ಕೆ ಒತ್ತುತ್ತಿತ್ತು.

ಸೆಪ್ಟೆಂಬರ್ ೯, ಸೋಮವಾರ

ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಸುತ್ತಿ ತುರುಕಿದೆ. ಧೂಳು ಮೊಳೆಯ ಕಡೆಗೆ ಹೋಗಬಾರದು. ಹೊರಗೆ ಹೋಗಿ ಕಳೆದೂ ಹೋಗಬಾರದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಒಬ್ಬ ಟೀಚರ್ ಲಾಂಡ್ರಿಗೆ ಬಿಳಿ ಕೋಟು ತಂದು ಕೌಂಟರಿನ ಮೇಲೆ ಹಾಕಿದರು. ಎಡ ತೋಳಿನ ಮೇಲೆ ಬೊಗಸೆಯಷ್ಟು ನೀಲಿ ಕಲೆ. ಬಟ್ಟೆಗೆ ಹಾಕುವ ನೀಲಿ ಅಲ್ಲ, ಅದಕ್ಕಿಂತ ಗಾಢ. ಶಾಯಿಯೂ ಅಲ್ಲ. ಎಲ್ಲಿಯ ಬಣ್ಣ ಎಂದು ಕೇಳಿದೆ. ಯಾವ ಕಲೆ ಎಂದು ತಿಳಿಯದೆ ನೀರು ಮುಟ್ಟಿಸಬಾರದು, ಅದು ನಮ್ಮ ಮೊದಲ ಪಾಠ.

ಶಾಲೆಯ ಪ್ರಯೋಗಾಲಯದ್ದಂತೆ. ಕೋಶಗಳು ನೀರಿನ ಹಾಗೆ ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ಇಟ್ಟರೂ ಸರಿಯಾಗಿ ಕಾಣುವುದಿಲ್ಲ. ಈ ನೀಲಿಯ ಒಂದು ಹನಿ ಬಿಟ್ಟರೆ ಕೋಶಕೇಂದ್ರ ಅದನ್ನು ಕುಡಿದು ಎದ್ದು ಕಾಣುತ್ತದಂತೆ. ಮಕ್ಕಳು ಸೀಸೆಯನ್ನೇ ತೋಳಿನ ಮೇಲೆ ಬಗ್ಗಿಸಿದ್ದಾರೆ.

"ಕಲೆ ಹೋಗುತ್ತಾ?" ಎಂದು ಕೇಳಿದರು.

"ಪೂರ್ತಿ ಹೋಗಲ್ಲ ಮೇಡಂ. ಮಸುಕಾಗುತ್ತೆ."

"ಹೋಗದೇ ಇರ್ಲಿ ಅಂತಾನೇ ಅಲ್ವಾ ನಾವು ಹಾಕೋದು" ಎಂದು ನಕ್ಕರು.

ಕಲೆ ತೆಗೆಯುವುದು ನನ್ನ ಕೆಲಸ, ಕಲೆ ಹಾಕುವುದು ಅವರ ಕೆಲಸ. ಮನೆಗೆ ಬಂದು ಮೊಳೆಗೆ ಹೇಳಿದೆ. ಅವರು ಅವಳ ವಿಜ್ಞಾನದ ಟೀಚರೇ ಅಂತೆ. ಕಟ್ಟುನಿಟ್ಟು, ಆದರೆ ಎಂಥ ಪೆದ್ದು ಪ್ರಶ್ನೆ ಕೇಳಿದರೂ ಬೈಯುವುದಿಲ್ಲವಂತೆ. ಅದನ್ನು ಯಾಕೆ ಎರಡು ಸಲ ಹೇಳಿದಳೋ.

ಸೆಪ್ಟೆಂಬರ್ ೧೫, ಭಾನುವಾರ

ನಾದಿನಿ ಇವತ್ತು ಪೊರಕೆ ಹಿಡಿಯಲಿಲ್ಲ. ಚಹಾ ಕುಡಿಯುತ್ತ ಮೆತ್ತಗೆ ಹೇಳಿದಳು. ಅವಳ ಅಕ್ಕ ಬೇರೆ ಊರಿನಲ್ಲಿದ್ದಾಳೆ. ಅಲ್ಲೊಂದು ಔಷಧಿ ಅಂಗಡಿಯಲ್ಲಿ ಕೆಲಸ ಖಾಲಿ ಇದೆಯಂತೆ. ಪರೀಕ್ಷೆ ಮುಗಿದ ಮೇಲೂ ಮೊಳೆಯ ಕೆಮ್ಮು ಹೀಗೇ ಇದ್ದರೆ ಇಬ್ಬರೂ ಅಲ್ಲಿಗೆ ಹೋಗುತ್ತಾರೆ.

"ನಿಮ್ಮ ಮೇಲೆ ಕೋಪ ಅಲ್ಲ ಅತ್ತಿಗೆ. ಇದ್ದವರು ಒಬ್ಬರು ಹೋದ್ರು. ಇರೋಳು ಉಸಿರಾಡ್ಬೇಕಲ್ವಾ?"

 ನಾನು ಮದುವೆಯಾದವಳಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮನೇ ಮನೆ. ಅವನು ಹೋದ ಮೇಲೆ ಇವರಿಬ್ಬರೇ.

ಸಂಜೆ ಕೋಣೆಯಲ್ಲಿ ಕುಳಿತಾಗ ಒಂದನ್ನು ಗಮನಿಸಿದೆ. ಮೊಣಕೈ ಊರಿದ ಗುರುತು ಮೊದಲಿನಷ್ಟು ಸ್ಪಷ್ಟವಾಗಿಲ್ಲ. ಅದರ ಮೇಲೂ ಹೊಸ ಧೂಳು ಕೂತಿದೆ. ಬಾಗಿಲು ಮುಚ್ಚಿಟ್ಟರೂ ಎಲ್ಲಿಂದ ಬರುತ್ತದೆ? ಊದಿ ತೆಗೆಯೋಣ ಎಂದು ಬಗ್ಗಿದೆ. ಊದಿದರೆ ಅವನದೂ ಹಾರುತ್ತದೆ. ಬಾಯಿ ಮುಚ್ಚಿಕೊಂಡು ಕುಳಿತೆ.

ಸೆಪ್ಟೆಂಬರ್ ೧೭, ಮಂಗಳವಾರ

ನಾನು ಕೆಲಸದಿಂದ ಬರುವಾಗ ಮೊಳೆ ಮೆಟ್ಟಿಲ ಮೇಲೆ ಕುಳಿತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಮಾತಾಡಲು ಆಗುತ್ತಿರಲಿಲ್ಲ, ಭುಜ ಮೇಲೆ ಕೆಳಗೆ ಆಗುತ್ತಿತ್ತು. ಕೈಯಲ್ಲಿ ಉಸಿರಿನ ಪಂಪು, ಖಾಲಿ. ಎತ್ತಿಕೊಂಡೇ ಓಡಿದೆ. ಅಷ್ಟು ಉದ್ದದ ಹುಡುಗಿ, ಭಾರವೇ ಇಲ್ಲ.

ಚಿಕಿತ್ಸಾಲಯದಲ್ಲಿ ಮೂಗು ಬಾಯಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸಿಕ್ಕಿತು.

ಉಸಿರು ಸಿಕ್ಕಿತು. ಇನ್ನೇನೂ ಬರೆಯಲಾರೆ.

ಸೆಪ್ಟೆಂಬರ್ ೧೮, ಬುಧವಾರ

ನಿನ್ನೆ ಸುದ್ದಿ ತಿಳಿದು ನಾದಿನಿಯೂ ಚಿಕಿತ್ಸಾಲಯಕ್ಕೆ ಓಡಿ ಬಂದಾಗ, ಮನೆಯಲ್ಲಿ ಮರದ ಕೆಲಸ ನಡೆಯುತ್ತದೆಯೇ ಎಂದು ಡಾಕ್ಟರು ಕೇಳಿದ್ದರು. ಈಗಿಲ್ಲ ಎಂದಳು ನಾದಿನಿ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇವತ್ತು ರಜೆ ಹಾಕಿ ಮೊಳೆಯ ಹತ್ತಿರ ಇದ್ದೆ. ದಿಂಬಿಗೆ ಒರಗಿ ಪುಸ್ತಕ ತಿರುವುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಅತ್ತೆ, ಆ ಚೌಕದ ಪುಟದ ಮೂಲೆ ಮಡಚಿದ್ದು ನೀನಾ?"

ಹೌದು ಅಂದೆ.

"ಅಪ್ಪ ಆ ಧೂಳಲ್ಲಿ ಇದ್ದಾನೆ ಅಂದ್ಕೊಂಡಿದ್ದೀಯಾ?"

ಅವಳ ಧ್ವನಿಯಲ್ಲಿ ನಗೆ ಇರಲಿಲ್ಲ. ನಾನು ಹೊದಿಕೆಯ ಸುಕ್ಕು ಸರಿಮಾಡುತ್ತ ಕುಳಿತೆ. ಅವಳು ನನ್ನ ಬೆರಳು ಹಿಡಿದುಕೊಂಡು, ಕೋಟು ವಾಪಸು ಕೊಡಬೇಕಲ್ಲ, ಟೀಚರ್ ಹತ್ತಿರ ನೀನೇ ಹೋಗಿ ಕೇಳು, ನಾನು ಹೇಳಿದರೆ ಅಷ್ಟು ಚೆನ್ನಾಗಿರುವುದಿಲ್ಲ ಎಂದಳು. ಮತ್ತೆ ಕೆಮ್ಮು ಬಂತು. ನಾನು ಬೆನ್ನು ನೀವಿದೆ.

ಸೆಪ್ಟೆಂಬರ್ ೨೦, ಶುಕ್ರವಾರ

ಕೋಟು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ, ನಾನೇ ಶಾಲೆಗೆ ಹೊರಟೆ. ಮನೆ ಬಾಗಿಲಿಗೆ ತಲುಪಿಸುವ ವ್ಯಾಪಾರ ಯಾವಾಗ ಶುರುವಾಯಿತು ಎಂದು ಲಾಂಡ್ರಿಯ ಯಜಮಾನರು ಹುಬ್ಬೇರಿಸಿದರು. ಬೆಳಿಗ್ಗೆ ಮನೆ ಬಿಡುವ ಮೊದಲೇ ತಮ್ಮನ ಮೇಜಿನ ಮೇಲಿನಿಂದ ಒಂದು ಚಿಟಿಕೆ ಧೂಳು ಲಾಂಡ್ರಿಯ ಚೀಟಿಯಲ್ಲಿ ಮಡಚಿ ಇಟ್ಟುಕೊಂಡಿದ್ದೆ. ಗುರುತಿನ ಹತ್ತಿರದ್ದೇ.

ಶಾಲೆ ಬಿಟ್ಟಿತ್ತು. ಪ್ರಯೋಗಾಲಯದಲ್ಲಿ ಟೀಚರ್ ಒಬ್ಬರೇ ಗಾಜಿನ ಪಟ್ಟಿಗಳನ್ನು ತೊಳೆಯುತ್ತಿದ್ದರು. ಕೋಟಿನ ತೋಳು ನೋಡಿ ಪರವಾಗಿಲ್ಲ, ಆಕಾಶದ ಬಣ್ಣಕ್ಕೆ ಬಂದಿದೆ ಎಂದರು. ನಾನು ಹೋಗದೆ ನಿಂತಿದ್ದೆ. ಕೊನೆಗೆ ಚೀಟಿ ಬಿಚ್ಚಿದೆ.

"ಏನಿದು?"

"ಧೂಳು ಮೇಡಂ."

"ಧೂಳು ತಂದ್ಕೊಡೋ ಲಾಂಡ್ರಿಯವರನ್ನ ಇವತ್ತೇ ನೋಡಿದ್ದು" ಎಂದರು. ಆದರೆ ಚೀಟಿ ತೆಗೆದುಕೊಂಡರು. ಇದರಲ್ಲಿ ಚರ್ಮದ ಕೋಶ ಇದೆಯಾ ನೋಡಬೇಕಿತ್ತು ಅಂದೆ. ಯಾಕೆ ಎಂದು ಕೇಳಲಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರಲ್ಲಿ ಧೂಳು, ಮೇಲೊಂದು ತೆಳು ಗಾಜು. ಎತ್ತರದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು.

ಮೊದಲು ಕಪ್ಪು ಕಡ್ಡಿಗಳು ಕಂಡವು. ಮರದ ಸಿಬಿರು ಕಾಣಿಸುತ್ತಿದೆ ಅಂದೆ. ಅದು ನಿಮ್ಮದೇ ರೆಪ್ಪೆ, ಸ್ವಲ್ಪ ಹಿಂದೆ ಸರಿಯಿರಿ ಎಂದರು.

ಆಮೇಲೆ ನಿಜವಾಗಿ ಕಂಡಿತು. ಒಂದಕ್ಕೊಂದು ಅಂಟಿಕೊಂಡ ಉದ್ದುದ್ದ ಕೊಳವೆಗಳು. ಒಳಗೆ ಏನೂ ಇಲ್ಲ, ಗೋಡೆ ಮಾತ್ರ. ಇದು ಮರ, ಈ ಧೂಳಿನಲ್ಲಿ ಹೆಚ್ಚಿನದು ಮರವೇ ಎಂದರು. ಮರ ಜೀವಂತ ಇರುವಾಗಲೇ ಈ ಕೋಶಗಳು ಸತ್ತಿರುತ್ತವಂತೆ. ಒಳಗಿನದೆಲ್ಲ ಕರಗಿ ಖಾಲಿ ಕೊಳವೆಯಾದ ಮೇಲೆಯೇ ಬೇರಿನ ನೀರು ಅದರಲ್ಲಿ ಎಲೆಗೆ ಏರುವುದು. ಮರ ನೆಟ್ಟಗೆ ನಿಲ್ಲುವುದೂ ಆ ಗೋಡೆಗಳ ಬಲದಿಂದ. ಸತ್ತ ಮೇಲೆ ಕೆಲಸ ಶುರು ಎಂದು ಅವರು ಸುಮ್ಮನೆ ಪಾಠದ ಹಾಗೆ ಹೇಳಿದರು. ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ.

ನೀಲಿ, ಕೆಂಪು ದಾರಗಳ ತುಣುಕು ಬಂದವು. ಬಟ್ಟೆಯ ನಾರು, ಲಾಂಡ್ರಿಯವರ ಮನೆ ಎಂದು ಯಾರಾದರೂ ಹೇಳಬಹುದು ಎಂದರು. ಪಟ್ಟಿಯನ್ನು ಅತ್ತಿತ್ತ ಸರಿಸುತ್ತ ತುಂಬ ಹೊತ್ತು ಹುಡುಕಿದರು.

"ಇಗೋ. ನೀವು ಕೇಳಿದ್ದು ಇಂಥದ್ದು."

ತೆಳು ಚಕ್ಕೆ. ಹರಿದ ಕಾಗದದ ಚೂರಿನ ಹಾಗೆ, ಬಣ್ಣವಿಲ್ಲ. ಎಷ್ಟು ನೋಡಿದರೂ ಸಾಲದಾಯಿತು. ಇದು ಯಾರದು ಎಂದು ಹೇಳಬಹುದಾ ಎಂದು ಕೇಳಿದೆ.

"ಹೆಸರು ಬರ್ಕೊಂಡು ಉದುರಲ್ಲ ಅವು" ಎಂದವರು ಆಮೇಲೆ ನನ್ನ ಮುಖ ನೋಡಿದರು. "ಯಾರದಾಗಿರ್ಬೇಕಿತ್ತು?"

ತಮ್ಮನದು ಅಂದೆ. ಮೊಳೆಯ ಅಪ್ಪ ಅಂದೆ.

ಅವರು ಇನ್ನೊಂದು ಸ್ಟೂಲು ಎಳೆದುಕೊಂಡು ಕುಳಿತರು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಆ ಕೋಣೇಲಿ ಅವರಾದ್ಮೇಲೆ ಯಾರು ಓಡಾಡ್ತಾರೆ?"

"ನಾನೊಬ್ಬಳೇ. ದಿನಾ ಸಂಜೆ ಹೋಗಿ ಕೂತ್ಕೋತೀನಿ."

"ಹಾಗಾದ್ರೆ ಮೇಲ್ಮೇಲಿನ ಧೂಳಲ್ಲಿರೋದು ನಿಮ್ಮದೇ ಇರ್ಬೇಕು."

ಏನು ಹೇಳುತ್ತಿದ್ದಾರೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನನಗೆ ನಗು ಬಂತು. ಬೀಗ ಹಾಕಿ, ಸಂದಿಗೆ ಬಟ್ಟೆ ತುರುಕಿ, ನಾದಿನಿಯ ಹತ್ತಿರ ಮಾತು ಕೇಳಿ, ಕಾದದ್ದು ನನ್ನನ್ನೇ. ನಗು ನಿಲ್ಲಲಿಲ್ಲ. ಕಣ್ಣಲ್ಲೂ ನೀರು ಬಂತು, ಯಾವುದು ಎಲ್ಲಿಗೆ ಮುಗಿಯಿತೋ ಗೊತ್ತಿಲ್ಲ. ಟೀಚರ್ ಒರೆಸಿಕೊಳ್ಳಲು ಆ ಹೊಸದಾಗಿ ಇಸ್ತ್ರಿ ಮಾಡಿದ ಕೋಟನ್ನೇ ಕೊಟ್ಟರು. ಬೇಡ ಎಂದು ಸೆರಗಿನಲ್ಲೇ ಒರೆಸಿಕೊಂಡೆ. ಕೆಲಸ ಹಾಳಾಗುತ್ತದೆ.

ಆಮೇಲೆ ಒಂದು ಕಡ್ಡಿ ಕೊಟ್ಟು ಕೆನ್ನೆಯ ಒಳಗೆ ಮೆಲ್ಲಗೆ ಕೆರೆಯಲು ಹೇಳಿದರು. ಅದನ್ನು ಗಾಜಿಗೆ ಹಚ್ಚಿ ನೀಲಿಯ ಒಂದು ಹನಿ ಬಿಟ್ಟರು. ನೋಡಿದೆ. ಅಂಚು ಸೊಟ್ಟಗಿದ್ದ ಪುಟ್ಟ ಪುಟ್ಟ ಬಟ್ಟೆಗಳ ಹಾಗೆ ಕೋಶಗಳು ಹರಡಿದ್ದವು, ಪ್ರತಿಯೊಂದರ ನಡುವೆಯೂ ಗಾಢ ನೀಲಿಯ ಒಂದು ಚುಕ್ಕಿ. ಅದೇ ಕೋಶಕೇಂದ್ರ. ಧೂಳಿನ ಚಕ್ಕೆಯಲ್ಲಿ ಅದು ಇರಲಿಲ್ಲ. ಉದುರುವ ಮೊದಲೇ ಅಳಿದು ಹೋಗಿರುತ್ತದಂತೆ, ಉದುರುವುದು ಬರೀ ಸಿಪ್ಪೆ.

ಹೊರಡುವಾಗ ಟೀಚರ್ ಕೈ ಒರೆಸಿಕೊಳ್ಳುತ್ತ ಹೇಳಿದರು. "ಅವರನ್ನ ನೋಡ್ಬೇಕು ಅನ್ಸಿದ್ರೆ ಧೂಳಲ್ಲಿ ಯಾಕೆ ಹುಡುಕ್ತೀರಿ? ನಿಮ್ಮ ಹುಡುಗಿ ಇದ್ದಾಳಲ್ಲ. ಅವಳ ಆ ನೀಲಿ ಚುಕ್ಕಿ ಒಳಗಿರೋದ್ರಲ್ಲಿ ಅರ್ಧ ಅವರು ಕೊಟ್ಟಿದ್ದೇ. ಒಂದು ಕೋಶ ಎರಡಾದಾಗ ಎರಡಕ್ಕೂ ಅದರ ನಕಲು ಹೋಗುತ್ತೆ. ಅವಳು ಇರೋವರೆಗೂ ನಡೀತಾನೇ ಇರುತ್ತೆ."

ಇಡೀ ದಾರಿ ನಡೆದೇ ಬಂದೆ. ಚೀಟಿಯಲ್ಲಿ ಉಳಿದ ಧೂಳು ಎಲ್ಲಿ ಹೋಯಿತು ಎಂದು ಮನೆ ಮುಟ್ಟಿದ ಮೇಲೆ ನೆನಪಾಯಿತು. ಅಲ್ಲೇ ಬಿಟ್ಟು ಬಂದಿರಬೇಕು.

ಸೆಪ್ಟೆಂಬರ್ ೨೨, ಭಾನುವಾರ

ಬೆಳಿಗ್ಗೆ ಬೀಗದ ಕೈ ತೆಗೆದು ನಾದಿನಿಯ ಚಹಾ ಲೋಟದ ಪಕ್ಕ ಇಟ್ಟೆ. ಅವಳು ಬೀಗದ ಕೈ ನೋಡಿದಳು, ನನ್ನನ್ನು ನೋಡಿದಳು. ಎದ್ದು ಪೊರಕೆ ತಂದಳು. ಪೊರಕೆ ಬೇಡ, ಒಣ ಪೊರಕೆ ಆಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ ಅಂದೆ. ಮೊಳೆಯನ್ನು ಅವಳ ಗೆಳತಿಯ ಮನೆಗೆ ಓದಲು ಕಳಿಸಿದೆವು.

ಲಾಂಡ್ರಿಯಿಂದ ಹರಿದ ಹಳೆಯ ಚಾದರಗಳನ್ನು ಕೇಳಿ ತಂದಿದ್ದೆ. ನೆನೆಸಿ, ಹಿಂಡಿ, ನೆಲದ ಮೇಲೆಲ್ಲ ಹಾಸಿದೆವು. ಗೋಡೆಗೆ ಸಣ್ಣಗೆ ನೀರು ಚಿಮುಕಿಸಿದೆವು. ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಕಳ್ಳರ ಹಾಗೆ ಕಾಣುತ್ತೇವೆ ಎಂದಳು.

ಸ್ವಲ್ಪ ಹೊತ್ತಾದ ಮೇಲೆ, ಬೆನ್ನು ತಿರುಗಿಸಿಕೊಂಡೇ, ಹೇಳಿಬಿಟ್ಟೆ. ಅವನು ಈ ಧೂಳಿನಲ್ಲಿ ಇದ್ದಾನೆ ಎಂದುಕೊಂಡಿದ್ದೆ, ಅದಕ್ಕೇ ಬಿಡಲಿಲ್ಲ ಅಂದೆ.  ತಿರುಗಿ ನೋಡಿದರೆ ಅವಳು ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

"ಮೊದಲೇ ಹೇಳಬಾರದಿತ್ತಾ ಅತ್ತಿಗೆ? ನಾನು ಅವರ ಬಾಚಣಿಗೆ ಇನ್ನೂ ತೊಳೆದಿಲ್ಲ. ಕೂದಲ ಸಮೇತ ಪೆಟ್ಟಿಗೇಲಿದೆ." ಬಾಯಿಗೆ ಕಟ್ಟಿದ ಬಟ್ಟೆ ಇಳಿಸಿದಳು. "ಈ ಕೋಣೆ ಹೀಗಿರೋವರೆಗೂ ನನಗೆ ಒಳಗೆ ಕಾಲಿಡೋಕೆ ಆಗ್ತಿರ್ಲಿಲ್ಲ. ಗುಡಿಸಿಬಿಟ್ರೆ ಬರಬಹುದೇನೋ ಅಂತ ಅಂದ್ಕೊಂಡಿದ್ದೆ."

ನಾನು ಕಾಯುತ್ತಿದ್ದದ್ದೂ ಅವಳು ತೆಗೆಯಬೇಕೆಂದಿದ್ದದ್ದೂ ಒಂದೇ ಎಂದು ಆಗ ಅನಿಸಿತು.  ಬಕೆಟ್ಟಿನ ನೀರು ಬದಲಾಯಿಸಿ ತಂದೆ.

"ಬಾಚಣಿಗೆ ಮಾತ್ರ ಮುಟ್ಟಬೇಡಿ ಮತ್ತೆ" ಎಂದಳು. "ನಿಮ್ಮ ಕೈಯನ್ನ ನಂಬೋ ಹಾಗಿಲ್ಲ."

ಮೇಜನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಮೊಣಕೈಯ ಗುರುತು ಅಷ್ಟರಲ್ಲಿ ಮುಚ್ಚಿಯೇ ಹೋಗಿತ್ತು. ಎಲ್ಲಿತ್ತು ಎಂದು ಅಂದಾಜಿನಲ್ಲಿ ನೋಡಬೇಕು. ಒದ್ದೆ ಬಟ್ಟೆ ಹಾಕಿ ಒಂದೇ ಸಲಕ್ಕೆ ಎಳೆದೆ. ಎಳೆಯುವಾಗ ಕೈಗೆ ಹಳ್ಳ ಸಿಕ್ಕಿತು. ಬಟ್ಟೆ ತೆಗೆದು ನೋಡಿದರೆ ಅದೇ ಜಾಗದಲ್ಲಿ ಮರವೇ ತಗ್ಗಾಗಿದೆ. ನುಣುಪಾಗಿ, ಬಟ್ಟಲಿನ ಹಾಗೆ. ಅಷ್ಟು ವರ್ಷ ಅಲ್ಲೇ ಮೊಣಕೈ ಊರಿ ಊರಿ ಆಗಿರಬೇಕು. ಧೂಳು ತುಂಬಿಕೊಂಡು ಕಾಣುತ್ತಿರಲಿಲ್ಲ.

ನಾದಿನಿಯನ್ನು ಕರೆದೆ. ಅವಳು ತನ್ನ ಮೊಣಕೈ ಇಟ್ಟು ನೋಡಿದಳು.

ಸೆಪ್ಟೆಂಬರ್ ೨೩, ಸೋಮವಾರ

ಮೈಕೈ ನೋವು. ತುಂಬ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಸೆಪ್ಟೆಂಬರ್ ೨೭, ಶುಕ್ರವಾರ

ಮೊಳೆ ಈಗ ಕೆಲಸದ ಕೋಣೆಯಲ್ಲೇ ಓದುತ್ತಾಳೆ. ಮೇಜಿನ ಮೇಲೆ ಪುಸ್ತಕ, ಎಡ ಮೊಣಕೈ ಆ ಬಟ್ಟಲಿನಲ್ಲಿ. ಯಾರೂ ಹೇಳಿಕೊಟ್ಟಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತದಂತೆ. ಅವಳಮ್ಮ ಹೊಸ ಪಂಪು ತಂದಿದ್ದಾಳೆ. ಈ ವಾರ ಅದನ್ನು ಹೆಚ್ಚಾಗಿ ಮುಟ್ಟಿಲ್ಲ.

ನಾನು ಅಲ್ಲೇ ಕುಳಿತು ಯಜಮಾನರು ಕೊಟ್ಟ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಅವಳು ಒಪ್ಪಿಸುತ್ತಿದ್ದಳು. ಕೋಶ ವಿಭಜನೆಯ ಹತ್ತಿರ ಬಂದಾಗ ತಡವರಿಸಿದಳು. ಪುಸ್ತಕ ನನ್ನ ಹತ್ತಿರ ಇರಲಿಲ್ಲ.

"ಮುಂದೆ" ಅಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಏನು ಅಂದೆ. ಏನಿಲ್ಲ ಎಂದು ಮುಂದಿನ ಸಾಲು ಹೇಳಿದಳು, ಒಂದೂ ತಪ್ಪಿಲ್ಲದೆ.

ಅಕ್ಟೋಬರ್ ೧, ಮಂಗಳವಾರ

ವಿಜ್ಞಾನದ ಪರೀಕ್ಷೆ ಮುಗಿಯಿತು. ಗಿಡದ ಕೋಶದ ಚಿತ್ರ ಬಂದಿತ್ತಂತೆ, ಭಾಗಗಳನ್ನೆಲ್ಲ ಸರಿಯಾಗಿ ಗುರುತಿಸಿದ್ದಾಳಂತೆ. ಸತ್ತ ಕೋಶಗಳಿಂದ ಗಿಡಕ್ಕೆ ಏನು ಉಪಯೋಗ ಎಂಬ ಪ್ರಶ್ನೆಗೆ ಒಂದೂವರೆ ಪುಟ ಬರೆದಳಂತೆ. ಅಷ್ಟು ಯಾಕೆ ಬರೆದೆ, ಎರಡೇ ಅಂಕ ಅಲ್ಲವಾ ಎಂದು ಅವಳಮ್ಮ ಗದರಿದಳು. ಬರೆಯೋಕೆ ಇತ್ತು, ಬರೆದೆ ಎಂದಳು ಮೊಳೆ.

ಬಸ್ಸಿನ ಸದ್ದಿಗೆ ಕಿಟಕಿ ಮುಚ್ಚುತ್ತ ನಾದಿನಿ ನನಗೆ ಹೇಳಿದಳು. ಅಕ್ಕನಿಗೆ ಫೋನು ಮಾಡಿದ್ದಾಳಂತೆ. ಬರುವುದಿಲ್ಲ ಎಂದು ಹೇಳಿದ್ದಾಳಂತೆ. ಅಷ್ಟು ಹೇಳಿ ಅಕ್ಕಿ ಆರಿಸಲು ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ.

ಅಕ್ಟೋಬರ್ ೬, ಭಾನುವಾರ

ಬೆಳಿಗ್ಗೆ ಕಿಟಕಿ ತೆಗೆದಾಗ ಕೆಲಸದ ಕೋಣೆಗೆ ಬೆಳಕು ಬಂತು. ಮೇಜಿನ ಮೇಲೆ ಬೆರಳಾಡಿಸಿದೆ. ತೊಳೆದು ಹೆಚ್ಚು ದಿನವಾಗಿಲ್ಲ, ಆಗಲೇ ತೆಳುವಾಗಿ ಧೂಳು ಕೂತಿದೆ.

ಇದು ನಮ್ಮ ಮೂವರದು. ಒದ್ದೆ ಬಟ್ಟೆ ತಂದು ಒರೆಸಿ, ಚಹಾಕ್ಕೆ ನೀರಿಟ್ಟೆ.